ವಾರಕ್ಕೆ ಎರಡು ದಿನ ಕಲ್ಯಾಣ

ಅವೇರೊ, ಪೋರ್ಚುಗಲ್
26 ಸೆಪ್ಟೆಂಬರ್ 2010

ಪ್ರೀತಿಯ ಭಾಮತ್ತೆ,

ಇಲ್ಲಿಗೆ ಬಂದು ಹನ್ನೆರಡು ದಿನವಾಯಿತು. ನಾನು ಫೋನು ಮಾಡಿದಾಗಲೆಲ್ಲ ನೀನು ಅಪ್ಪನ ಪಕ್ಕದಲ್ಲಿ ನಿಂತು ಅವರ ಮುಖವನ್ನೇ ನೋಡುತ್ತಿರುತ್ತೀಯ ಎಂದು ಗೊತ್ತು. ಫೋನಿಟ್ಟ ಮೇಲೆ ಅವರು ‘ಚೆನ್ನಾಗಿದಾಳಂತೆ’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ ಎಂಬುದೂ ಗೊತ್ತು. ನಿನಗೆ ಕಿವಿ ಕೇಳಿಸದಂತಾಗಿ ಮೂರು ವರ್ಷ. ಫೋನು ನಿನ್ನ ಪಾಲಿಗಿಲ್ಲ, ಕಂಪ್ಯೂಟರ್ ಮುಟ್ಟುವುದಿಲ್ಲ ಎಂದು ನಿನ್ನ ಹಟ. ಹಾಗಾಗಿ ಏರ್‌ಪೋರ್ಟಿನಲ್ಲಿ ಮಾತು ಕೊಟ್ಟಂತೆ ಕಾಗದ ಬರೆಯುತ್ತಿದ್ದೇನೆ. ನೀನೇ ತಿದ್ದಿಸಿದ ಅಕ್ಷರ. ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ ವಾಪಸು ಕಳಿಸಬೇಡ.

ಊರಿನ ಒಳಗೇ ಕಾಲುವೆ ಹರಿಯುತ್ತದೆ. ಬಣ್ಣ ಬಳಿದ ದೋಣಿಗಳು ಕತ್ತೆತ್ತಿಕೊಂಡು ಮನೆಗಳ ಮುಂದೆ ನಿಂತಿರುತ್ತವೆ. ಊರು ಮುಗಿದಲ್ಲಿ ಉಪ್ಪಿನ ಗದ್ದೆಗಳು, ಅವುಗಳಾಚೆ ಹಿನ್ನೀರು, ಅದರಾಚೆ ಸಮುದ್ರ. ಸಂಜೆ ನೀರು ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಯಿತು ಎಂದೇ ತಿಳಿಯುವುದಿಲ್ಲ. ನಿನ್ನೆ ಅಲ್ಲಿ ಫ್ಲೆಮಿಂಗೋಗಳನ್ನು ಕಂಡೆ. ಒಂದು ಕ್ಷಣ ನಮ್ಮ ಐರೋಲಿ ಸೇತುವೆಯ ಮೇಲೆ ಮುಲುಂಡ್ ಬಸ್ಸಿನ ಕಿಟಕಿಯಲ್ಲಿ ಕೂತಿದ್ದೇನೆ ಅನ್ನಿಸಿತು.

ನನ್ನ ಎಂಎಸ್ಸಿ ಇಂಥ ಜೌಗು ನೆಲಗಳ ಬಗ್ಗೆಯೇ. ಮೊದಲ ವರ್ಷ ಇಲ್ಲಿ. ಪಾಸಾದರೆ ಎರಡನೆಯ ವರ್ಷ ಹಾಲೆಂಡಿನಲ್ಲಿ. ಪಾಠಗಳು ಚೆನ್ನಾಗಿವೆ.

ಬೀದಿಯಲ್ಲಿ ಯಾರ ಮಾತೂ ತಿಳಿಯುವುದಿಲ್ಲ. ಅಂಗಡಿಯಾಕೆ ಏನೋ ಕೇಳುತ್ತಾಳೆ. ನಾನು ಅವಳ ತುಟಿ ನೋಡುತ್ತೇನೆ, ನಗುತ್ತೇನೆ, ಬ್ರೆಡ್ಡು ತೆಗೆದುಕೊಂಡು ಬಂದುಬಿಡುತ್ತೇನೆ. ನಮ್ಮ ಊಟದ ಮೇಜಿನಲ್ಲಿ ನೀನು ಮೂರು ವರ್ಷ ಹೀಗೇ ಕೂತಿದ್ದೆಯಾ ಅತ್ತೆ? ನಾನು ಒಮ್ಮೆಯೂ ಕೇಳಲಿಲ್ಲ.

ನಿನ್ನ
ಚಿನ್ನು


ಐರೋಲಿ
17 ಅಕ್ಟೋಬರ್ 2010

ಚಿನ್ನು,

ನಿನ್ನ ಕಾಗದ ಹದಿನಾರು ದಿನ ಪ್ರಯಾಣ ಮಾಡಿ ಬಂತು. ನಾಲ್ಕು ಒತ್ತಕ್ಷರ ತಪ್ಪಿವೆ. ಗುರುತು ಹಾಕಿದ್ದೇನೆ, ಆದರೆ ಕಳಿಸುವುದಿಲ್ಲ; ನನ್ನ ಹತ್ತಿರವೇ ಇಟ್ಟುಕೊಂಡಿದ್ದೇನೆ.

ಕೇಳಿದ್ದಕ್ಕೆ ಉತ್ತರ: ಹೌದು, ಹಾಗೇ ಕೂತಿದ್ದೆ. ನೀರಿನ ತಳದಲ್ಲಿ ಕೂತು ದಡದವರನ್ನು ನೋಡಿದಂತೆ. ಅಭ್ಯಾಸವಾದರೆ ಅಷ್ಟೇನೂ ಕಷ್ಟವಿಲ್ಲ.

ಮನೆ ಇದ್ದಕ್ಕಿದ್ದಂತೆ ದೊಡ್ಡದಾಗಿದೆ. ನಿಮ್ಮಪ್ಪ ಬ್ಯಾಂಕಿನಿಂದ ಬಂದು ಪೇಪರು ನೋಡುತ್ತಲೇ ಮಾತಾಡುತ್ತಾನೆ. ಅವನ ಬಾಯಿ ನನಗೆ ಕಾಣುವುದಿಲ್ಲ. ನಿನ್ನಮ್ಮ ವಿಮಲಾ ತೀರಿಕೊಂಡಾಗ ನಾನು ಡೊಂಬಿವಲಿಯ ಬಾಡಿಗೆ ಕೋಣೆ ಖಾಲಿ ಮಾಡಿ ತಮ್ಮನ ಮನೆಗೆಂದು ಇಲ್ಲಿಗೆ ಬಂದೆ. ನಿನಗಾಗ ನಾಲ್ಕು ವರ್ಷ. ಅಲ್ಲಿಂದ ಹದಿನೆಂಟು ವರ್ಷ ನಿನ್ನ ಡಬ್ಬಿ, ನಿನ್ನ ಜಡೆ, ನಿನ್ನ ಪರೀಕ್ಷೆ ಎಂದು ಬೆಳಗಾಗುತ್ತಿತ್ತು. ಈಗ ಸುಮ್ಮನೆ ಬೆಳಗಾಗುತ್ತದೆ.

ಅದಕ್ಕೇ ಒಂದು ಕೆಲಸ ಮಾಡಿದೆ. ಠಾಣೆಯ ಮಾಜಿವಾಡಾದಲ್ಲಿ ತುಟಿ ಓದುವುದನ್ನು ಕಲಿಸುವ ತರಗತಿ ಇದೆಯಂತೆ ಎಂದು ತಿಳಿದು ಸೇರಿಕೊಂಡೆ. ಮೂವತ್ತೊಂದು ವರ್ಷ ಕನ್ನಡ ಶಾಲೆಯಲ್ಲಿ ಪಾಠ ಹೇಳಿದವಳು ಈಗ ಬೆಂಚಿನ ಮೇಲೆ ಕೂರುತ್ತೇನೆ. ಮೇಡಂ ಮರಾಠಿಯಲ್ಲಿ ಕಲಿಸುತ್ತಾರೆ. ಅಭ್ಯಾಸ ಮಾತ್ರ ಅವರವರ ಮನೆಮಾತಿನಲ್ಲಿ. ಕನ್ನಡದವರು ನಾನು ಮತ್ತು ಗುಂಡಣ್ಣ ಎಂಬವರು, ಇಬ್ಬರೇ. ಅವರು ಗದಗಿನ ಕಡೆಯವರು, ಮೂವತ್ತು ವರ್ಷ ಲೋಕಲ್ ಗಾಡಿ ಓಡಿಸಿದ ಮೋಟರ್‌ಮನ್. ಹಾರ್ನಿನ ಸದ್ದಿಗೇ ಕಿವಿ ಹೋಯಿತಂತೆ. ಮೊದಲ ದಿನವೇ ನನ್ನ ಬಾಯಿ ನೋಡಿ, ‘ಬಾಯಾರ, ನಿಮ್ಮ ಮೈಸೂರು ಕನ್ನಡ ತುಟಿ ಮ್ಯಾಲ ನಿಲ್ಲಂಗಿಲ್ಲ ನೋಡ್ರಿ, ಜಾರಿ ಹೋಗತದ’ ಎಂದರು. ನನಗೆ ತಿಳಿಯದಿದ್ದರೆ ಚೀಟಿಯಲ್ಲಿ ಬರೆದು ತೋರಿಸುತ್ತಾರೆ. ಅವರ ಕಾಗುಣಿತ ದೇವರಿಗೇ ಪ್ರೀತಿ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಭಾಮತ್ತೆ


ಅವೇರೊ
9 ಜನವರಿ 2011

ಪ್ರೀತಿಯ ಅತ್ತೆ,

ತಡವಾಯಿತು. ಓದು ಜಾಸ್ತಿ.

ಇಲ್ಲಿ ಬೆಳಗ್ಗೆ ಮಂಜು. ಹಿನ್ನೀರಿನಿಂದ ಎದ್ದು ಬೀದಿಗಿಳಿದು ಒಂದೊಂದೇ ಮನೆಯ ಬಾಗಿಲಲ್ಲಿ ನಿಲ್ಲುತ್ತದೆ. ಸೈಕಲ್ ತುಳಿದರೆ ಮುಂದಿನ ಚಕ್ರ ಕಾಣುತ್ತದೆ, ದಾರಿ ಕಾಣುವುದಿಲ್ಲ. ನವೆಂಬರಿನಲ್ಲಿ ಒಂದು ದಿನ ಕಾಲೇಜಿನ ತಿರುವು ತಪ್ಪಿ ಉಪ್ಪಿನ ಗದ್ದೆಗಳ ನಡುವಿನ ಬದುವಿಗೆ ಬಂದುಬಿಟ್ಟೆ. ಎರಡೂ ಕಡೆ ಬಿಳಿ ನೀರು, ಮೇಲೆ ಬಿಳಿ ಗಾಳಿ. ಎಲ್ಲೋ ಹಕ್ಕಿಗಳು ನಿದ್ದೆಯಲ್ಲಿ ಗೊಣಗಿದಂತೆ ಸದ್ದು ಮಾಡುತ್ತಿದ್ದವು. ನಾನು ಸತ್ತು ಹೋಗಿದ್ದೇನೋ ಏನೋ, ಆದರೂ ಏನೂ ನೋವಿಲ್ಲವಲ್ಲ ಅನ್ನಿಸಿತು. ಆಗ ಮಂಜಿನೊಳಗೆ ಗುದ್ದಲಿಯ ಸದ್ದು ಕೇಳಿಸಿತು. ಅಲ್ಲಿ ಮಿಗೆಲ್ ಸಿಕ್ಕಿದ.

ಅವನು ಕೆಸರು ಎತ್ತಿ ಬದು ಕಟ್ಟುತ್ತಿದ್ದ. ಅವನಿಗೆ ಇಂಗ್ಲಿಷ್ ಬರುವುದಿಲ್ಲ, ನನಗೆ ಅವನ ಭಾಷೆ ಬರುವುದಿಲ್ಲ. ಬ್ರೆಡ್ಡು ಮುರಿದು ಅರ್ಧ ಕೊಟ್ಟ. ಆಮೇಲೆ ಆಗಾಗ ಹೋಗುತ್ತೇನೆ. ಅವನ ಚಪ್ಪಟೆ ದೋಣಿಯಲ್ಲಿ ಮಲಗಿ ಮೇಲೆ ನೋಡಿದರೆ ದೋಣಿ ಚಲಿಸುತ್ತಿದೆಯೋ ಮೋಡ ಚಲಿಸುತ್ತಿದೆಯೋ ತಿಳಿಯುವುದಿಲ್ಲ. ಅವನಿಲ್ಲದಿದ್ದರೆ ಈ ಊರಿನಲ್ಲಿ ನನಗೆ ಯಾರೂ ಇಲ್ಲ.

ಅಪ್ಪನಿಗೆ ಇದನ್ನೆಲ್ಲ ಹೇಳಬೇಡ. ಪರೀಕ್ಷೆ ಮುಂದಿನ ವಾರ.

ಚಿನ್ನು


ಐರೋಲಿ
2 ಫೆಬ್ರವರಿ 2011

ನನ್ನ ಚಿನ್ನು,

‘ಮಿಗೆಲ್ ಸಿಕ್ಕಿದ’ ಎಂದು ಬರೆದಿದ್ದೀಯ. ‘ಸಿಕ್ಕಿದರು’ ಎಂದಿಲ್ಲ. ವ್ಯಾಕರಣ ಹೇಳಿಕೊಟ್ಟೇ ಕೂದಲು ಬೆಳ್ಳಗಾದವಳಿಗೆ ಏಕವಚನದ ಅರ್ಥ ತಿಳಿಯುವುದಿಲ್ಲವೇ? ಬೈಯುವುದಿಲ್ಲ, ಹೆದರಬೇಡ. ಅವನು ಒಳ್ಳೆಯವನಾಗಿದ್ದರೆ, ಬ್ರೆಡ್ಡು ಮುರಿದು ಅರ್ಧ ಕೊಡುವವನಾಗಿದ್ದರೆ, ಯಾವ ದೇಶದವನಾದರೇನು. ಜನ ಏನಂದಾರು ಎಂದು ಮನಸ್ಸನ್ನು ಮಡಿಚಿಟ್ಟವರ ಮುಖ ಹೇಗಿರುತ್ತದೆ ಎಂದು ನಾನು ಕನ್ನಡಿಯಲ್ಲಿ ನೋಡಿದ್ದೇನೆ. ನಿನಗೆ ಆ ಮುಖ ಬೇಡ.

ಸೇತುವೆಯ ಕೆಳಗಿನ ನಮ್ಮ ಖಾಡಿಗೂ ಫ್ಲೆಮಿಂಗೋ ಬಂದಿವೆ. ಇಳಿತದ ಹೊತ್ತಿಗೆ ಕೆಸರಿನ ಮೇಲೆ ಗುಲಾಬಿ ಬಣ್ಣದ ಗೆರೆ ಎಳೆದಂತೆ ನಿಲ್ಲುತ್ತವೆ. ಈ ಸಲ ಯಾಕೋ ಎಷ್ಟು ನೋಡಿದರೂ ಸಾಲದು. ಪ್ರತಿಯೊಂದನ್ನೂ ಕಣ್ಣಿಗೆ ತುಂಬಿಕೊಳ್ಳಬೇಕು ಅನ್ನಿಸುತ್ತದೆ.

ನಾನೀಗ ಮಂಗಳವಾರ, ಶುಕ್ರವಾರ ಕಲ್ಯಾಣಕ್ಕೆ ಹೋಗುತ್ತೇನೆ. ಐರೋಲಿಯಿಂದ ಠಾಣೆ, ಅಲ್ಲಿ ಗಾಡಿ ಬದಲಿಸಿ ಕಲ್ಯಾಣ. ಹೋಗುವಾಗ ಎದೆ ಹೊಡೆದುಕೊಳ್ಳುತ್ತದೆ. ಬಂದ ದಿನ ಒಳ್ಳೆಯ ನಿದ್ದೆ. ನಿಮ್ಮಪ್ಪನಿಗೆ ಇನ್ನೂ ಹೇಳಿಲ್ಲ. ಒಮ್ಮೆಗೇ ಹೇಳಿದರೆ ತಡೆದುಕೊಳ್ಳಲಾರ. ಅನ್ನಕ್ಕಿಡುವುದು, ಗ್ಯಾಸ್ ಬುಕ್ ಮಾಡುವುದು ಎಲ್ಲ ಮೆಲ್ಲಗೆ ಕಲಿಸುತ್ತಿದ್ದೇನೆ. ನಾನಿಲ್ಲದೆಯೂ ಅವನು ನಡೆಸಿಕೊಂಡು ಹೋಗಬೇಕಲ್ಲ. ಉಳಿದದ್ದನ್ನು ನೀನು ಬಂದಾಗ ಎದುರಿಗೆ ಕೂರಿಸಿಕೊಂಡು ಹೇಳುತ್ತೇನೆ.

ಜಾಗ ಸಾಲದು, ಅಂಚಿನಲ್ಲಿ ಬರೆಯುತ್ತಿದ್ದೇನೆ: ಸ್ವೆಟರ್ ಹಾಕಿಕೋ.

ಭಾಮತ್ತೆ


ಅವೇರೊ
19 ಫೆಬ್ರವರಿ 2011

ಅತ್ತೆ,

ಯಾವ ಆಸ್ಪತ್ರೆ? ಏನು ಕಾಯಿಲೆ? ವಾರಕ್ಕೆರಡು ಸಲ ಎಂದರೆ ಏನೆಂದು ನನಗೆ ತಿಳಿಯದೇ? ಅಪ್ಪನಿಂದ ಮುಚ್ಚಿಟ್ಟಿದ್ದೀಯ, ಹಾಗಾಗಿ ಅವರನ್ನೂ ಕೇಳುವಂತಿಲ್ಲ. ನಿನಗೆ ಫೋನು ಮಾಡುವಂತಿಲ್ಲ. ಈ ಕಾಗದ ನಿನ್ನ ಕೈ ಸೇರುವಷ್ಟರಲ್ಲಿ ಎಷ್ಟು ಮಂಗಳವಾರ, ಎಷ್ಟು ಶುಕ್ರವಾರ ಕಳೆದುಹೋಗಿರುತ್ತವೆ!

ನಾನು ಬಂದುಬಿಡುತ್ತೇನೆ. ಓದು ಬಿಟ್ಟರೂ ಸರಿ, ಇನ್ನೊಂದು ವರ್ಷ ನೋಡಿಕೊಳ್ಳೋಣ. ನಾನೇ ನಿನ್ನನ್ನು ಕರೆದುಕೊಂಡು ಹೋಗುತ್ತೇನೆ, ನಾನೇ ಅಡಿಗೆ ಮಾಡುತ್ತೇನೆ. ಇಲ್ಲಿ ಹೆದರಿಕೆಯಾದಾಗಲೆಲ್ಲ ಕಣ್ಣು ಮುಚ್ಚಿದರೆ ನಮ್ಮ ಮನೆಯ ಕಿಟಕಿ ಕಾಣುತ್ತದೆ. ಅದರಲ್ಲಿ ನೀನು ಖಾಡಿಯ ಕಡೆ ನೋಡುತ್ತ ಕೂತಿರುತ್ತೀಯ. ನೀನು ಅಲ್ಲೇ ಇರು. ಹಾಗೇ ಇರು. ನಾನು ಬರುವವರೆಗೆ ಏನೂ ಬದಲಾಗಬಾರದು. ನೀನಿಲ್ಲದ ಆ ಮನೆ ನನಗೆ ಬೇಡ.

ಚಿನ್ನು


ಐರೋಲಿ
12 ಮಾರ್ಚ್ 2011

ಚಿ. ಶ್ರೀಪ್ರಿಯಾಗೆ,

ನನಗೆ ಯಾವ ಕಾಯಿಲೆಯೂ ಇಲ್ಲ. ನೀನು ತಪ್ಪು ತಿಳಿದೆ. ತಪ್ಪು ನನ್ನದೇ, ಅಡ್ಡಾದಿಡ್ಡಿ ಬರೆದೆ.

ಕಲ್ಯಾಣಕ್ಕೆ ಹೋಗುವುದು ನಿಂತಿದೆ. ತರಗತಿಯನ್ನೂ ಬಿಟ್ಟೆ. ನಿಮ್ಮಪ್ಪ ಕ್ಷೇಮ. ಮನೆಯಲ್ಲಿ ಎಲ್ಲ ಇದ್ದ ಹಾಗೇ ಇದೆ, ಇರುತ್ತದೆ. ನೀನು ಯಾವಾಗ ಬಂದರೂ ನಾನು ಇಲ್ಲೇ ಇರುತ್ತೇನೆ.

ಓದು ಬಿಟ್ಟು ಬರಬೇಡ.

ಇತಿ,
ಸತ್ಯಭಾಮಾ


ಅವೇರೊ
16 ಏಪ್ರಿಲ್ 2011

ಭಾಮತ್ತೆ,

ನಿನ್ನ ಎರಡು ಕಾಗದಗಳನ್ನು ಹಾಸಿಗೆಯ ಮೇಲೆ ಅಕ್ಕಪಕ್ಕ ಇಟ್ಟುಕೊಂಡು ನೋಡಿದೆ. ಫೆಬ್ರವರಿಯದರಲ್ಲಿ ಅಂಚಿನವರೆಗೂ ಮಾತು. ಮಾರ್ಚಿನದರಲ್ಲಿ ಕೆಲವೇ ಸಾಲು, ಮೇಲೆ ನನ್ನ ಶಾಲೆಯ ಹೆಸರು, ಕೆಳಗೆ ನಿನ್ನ ಪೂರ್ತಿ ಹೆಸರು. ಯಾರೋ ಎಳೆದು ಬಾಗಿಲು ಹಾಕಿದಂತಿತ್ತು. ಅಪ್ಪನಿಗೆ ಫೋನು ಮಾಡಿ, ‘ಅತ್ತೆಗೆ ಏನಾಗಿದೆ, ನಿಜ ಹೇಳಿ’ ಎಂದೆ.

‘ಏನೂ ಆಗಿಲ್ಲ, ಬುದ್ಧಿ ಕೆಟ್ಟಿತ್ತು ಅಷ್ಟೆ,’ ಎಂದರು. ‘ಆ ರೈಲ್ವೆಯೋರು ಪೇಡೆ ಡಬ್ಬಿ ಹಿಡ್ಕೊಂಡು ಮನೆಗೇ ಬಂದಿದ್ರು. ಐವತ್ತೇಳಕ್ಕೆ ಮದುವೆಯಂತೆ! ಸೊಸೈಟೀಲಿ ನಾನು ಮುಖ ತೋರಿಸ್ಬೇಕೋ ಬೇಡ್ವೋ? ಈಗ ಅವಳೇ ಬೇಡ ಅಂದಿದಾಳೆ. ಮುಗೀತು ಬಿಡು.’

ಫೋನಿಟ್ಟು ಕಾಲುವೆಯ ಕಟ್ಟೆಯ ಮೇಲೆ ಕೂತೆ. ನಿಜ ಹೇಳುತ್ತೇನೆ, ಮೊದಲು ನನಗೆ ಕೋಪ ಬಂತು. ನನ್ನ ಅತ್ತೆಯನ್ನು ಇನ್ನೊಬ್ಬರು ಯಾಕೆ ಕೇಳಬೇಕು ಎನ್ನುವ, ಆರು ವರ್ಷದ ಹುಡುಗಿಯ ಕೋಪ. ಅದು ಇಳಿಯಲು ವಾರವೇ ಹಿಡಿಯಿತು. ಇಳಿದ ಮೇಲೆ ನಾನು ಬರೆದದ್ದು ನೆನಪಾಯಿತು. ‘ಹಾಗೇ ಇರು’ ಎಂದಿದ್ದೆ. ನೀನು ಹಾಗೇ ಇದ್ದುಬಿಟ್ಟೆ.

ಈಗ ನನ್ನದು. ಜನವರಿಯಲ್ಲಿ ಎರಡು ವಿಷಯ ಫೇಲಾಗಿದ್ದೇನೆ. ನವೆಂಬರಿನಿಂದಲೇ ಕ್ಲಾಸಿಗೆ ಹೋಗುವುದನ್ನು ನಿಲ್ಲಿಸಿದ್ದೆ. ಸ್ಟ್ಯಾಟಿಸ್ಟಿಕ್ಸ್ ತಲೆಗೆ ಹತ್ತುತ್ತಿರಲಿಲ್ಲ. ಎಲ್ಲರೂ ತಲೆಯಾಡಿಸುವಾಗ ನಾನೂ ಆಡಿಸುತ್ತಿದ್ದೆ. ಊರಲ್ಲಿ ಮೊದಲ ರ‍್ಯಾಂಕು ಬರುತ್ತಿದ್ದವಳು ಎದ್ದು ನಿಂತು ‘ತಿಳಿಯಲಿಲ್ಲ’ ಎನ್ನಲು ನಾಚಿಕೆ. ಒಂದು ದಿನ ತಪ್ಪಿಸಿದೆ, ಆಮೇಲೆ ತಪ್ಪಿಸುವುದೇ ದಿನಚರಿಯಾಯಿತು. ಮಿಗೆಲ್‌ಗೆ ಎಪ್ಪತ್ತೊಂದು ವರ್ಷ, ಅತ್ತೆ. ಇಲ್ಲಿ ಎಲ್ಲರನ್ನೂ ಹೆಸರು ಹಿಡಿದು ಕರೆಯುತ್ತಾರೆ, ಅದಕ್ಕೇ ‘ಸಿಕ್ಕಿದ’ ಎಂದು ಬರೆದೆ. ಹುಡುಗನೂ ಇಲ್ಲ, ಪ್ರೀತಿಯೂ ಇಲ್ಲ; ಅಡಗಿ ಕೂರಲು ಒಂದು ದೋಣಿ ಇತ್ತು.

ನಿನಗೆ ಕಾಯಿಲೆ ಎಂದುಕೊಂಡಾಗ ನಾನು ಹೆದರಿ ಅತ್ತದ್ದು ನಿಜ. ಅಳುತ್ತಿರುವಾಗಲೇ ಒಳಗೆಲ್ಲೋ ಹಗುರವಾದದ್ದೂ ನಿಜ. ಇನ್ನು ವಾಪಸು ಹೋಗಬಹುದು, ಅತ್ತೆಯನ್ನು ನೋಡಿಕೊಳ್ಳಲು ಬಂದಳು ಎನ್ನುತ್ತಾರೆ, ಫೇಲಾದದ್ದು ಯಾರಿಗೂ ತಿಳಿಯುವುದಿಲ್ಲ. ನಿನ್ನ ಕಾಯಿಲೆ ನನಗೆ ಬೇಕಾಗಿತ್ತು. ಈ ಸಾಲನ್ನು ಎರಡು ಸಲ ಹೊಡೆದುಹಾಕಿ ಮತ್ತೆ ಬರೆದಿದ್ದೇನೆ.

ಜುಲೈಯಲ್ಲಿ ಮರುಪರೀಕ್ಷೆ ಇದೆ. ನಾನು ಬರುವುದಿಲ್ಲ. ನೀನು ಕಲ್ಯಾಣಕ್ಕೆ ಹೋಗು.

ಚಿನ್ನು


ಐರೋಲಿ
6 ಮೇ 2011

ಚಿನ್ನು,

ನಿನ್ನ ಕಾಗದವನ್ನು ಅಡಿಗೆಮನೆಯಲ್ಲಿ ನಿಂತೇ ಓದಿದೆ, ಹಾಲು ಉಕ್ಕಿ ಹೋಯಿತು. ಮಿಗೆಲ್‌ಗೆ ಎಪ್ಪತ್ತೊಂದು ಎಂದಲ್ಲಿ ಜೋರಾಗಿ ನಕ್ಕಿರಬೇಕು. ನಿಮ್ಮಪ್ಪ ಹಯಗ್ರೀವ ನಡುಮನೆಯಿಂದ ಓಡಿ ಬಂದ.

ಎಲ್ಲ ಹೇಳುತ್ತೇನೆ. ತರಗತಿ ಮುಗಿಸಿ ನಾವಿಬ್ಬರೂ ಠಾಣೆ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಅಭ್ಯಾಸ ಮಾಡುತ್ತಿದ್ದೆವು. ಅಷ್ಟು ಗದ್ದಲದ ಜಾಗ. ನಮಗೆ ಮಾತ್ರ ಗಾಡಿಗಳೆಲ್ಲ ಕನಸಿನಲ್ಲಿ ಬಂದಂತೆ ಬಂದು, ಜನರನ್ನು ಇಳಿಸಿ, ಸದ್ದಿಲ್ಲದೆ ಹೋಗುತ್ತಿದ್ದವು. ಒಂದು ದಿನ ಕಿವಿ ಹೇಗೆ ಹೋಯಿತು ಎಂದು ವಿವರವಾಗಿ ಕೇಳಿದೆ. ‘ದಿವಾ ಸ್ಟೇಷನ್ನಿನ್ಯಾಗ ಮಂದಿ ಹಳಿ ದಾಟತಾರ್ರೀ, ಕೂಸು ಎತಿಗೊಂಡ ದಾಟತಾರ. ನಾ ದಿವಾ ಬರೂಕಿಂತ ಮೊದಲ ಹಾರ್ನ್ ಹಿಡದ್ರ ಸ್ಟೇಷನ್ ದಾಟೂತನಕ ಬಿಡತಿರಲಿಲ್ಲ. ಕಿವಿ ಅಲ್ಲೇ ಬಿಟ್ಟು ಬಂದೇನಿ. ಆದ್ರ ಮೂವತ್ತ ವರ್ಷದಾಗ ಒಬ್ಬರೂ ನನ್ನ ಗಾಡಿ ಕೆಳಗ ಬರಲಿಲ್ಲ ಬಾಯಾರ,’ ಎಂದರು. ಅಷ್ಟುದ್ದದ ಮಾತನ್ನು ಚೀಟಿಯಿಲ್ಲದೆ ಅವರ ತುಟಿಯ ಮೇಲೇ ಓದಿದೆ. ಅವತ್ತೇ ಮನಸ್ಸು ನಿಂತುಬಿಟ್ಟಿತು.

ಕಲ್ಯಾಣದಲ್ಲಿ ಅವರ ಮನೆ. ಹೆಂಡತಿ ಹೋಗಿ ಒಂಬತ್ತು ವರ್ಷ. ಮಗಳು ರುಕ್ಮಿಣಿ ಹುಬ್ಬಳ್ಳಿಯಲ್ಲಿದ್ದಾಳೆ. ಅವಳೇ ‘ಮದುವೆ ಮಾಡ್ಕೋರಿ’ ಎಂದವಳು. ಮಾರ್ಚಿನಲ್ಲಿ ಗುಂಡಣ್ಣ ಮನೆಗೆ ಬಂದರು. ನಿಮ್ಮಪ್ಪ ಪೇಡೆಯ ಡಬ್ಬಿಯನ್ನು ತೆರೆಯಲೂ ಇಲ್ಲ. ಅದರ ಮೂರನೆಯ ದಿನ ನಿನ್ನ ಕಾಗದ ಬಂತು. ತಮ್ಮನಿಗೂ ಬೇಡ, ಮಗುವಿಗೂ ಬೇಡ ಎಂದಮೇಲೆ ಯಾರಿಗಾಗಿ ಎಂದುಕೊಂಡೆ. ನನಗಾಗಿ ಎಂಬ ಉತ್ತರ ಹೊಳೆಯಲಿಲ್ಲ, ಅಭ್ಯಾಸವಿರಲಿಲ್ಲ. ಶುಕ್ರವಾರ ಹೋಗಿ ಆಗುವುದಿಲ್ಲ ಎಂದುಬಿಟ್ಟೆ. ಅವರು ಚೀಟಿಯಲ್ಲಿ ಬರೆದು ಕೊಟ್ಟರು: ‘ಸಿಗ್ನಲ ಕೆಂಪ ಇದ್ರ ನಾ ನಿಲ್ಲಾಂವ. ದಾಟಾಂವ ಅಲ್ಲ.’

ಮೊನ್ನೆ ಮಂಗಳವಾರ ಮತ್ತೆ ಹೋದೆ. ಆಗಬಹುದು ಎಂದು ಹೇಳಿದೆ. ಅವರು ಎದ್ದು, ‘ಚಹಾ ಕುಡೀತೀರೇನು?’ ಎಂದರು. ಕುಡಿದೆವು.

ಇನ್ನು ನಿನ್ನ ವಿಷಯ. ಫೇಲಾದ ಎಷ್ಟೋ ಮಕ್ಕಳ ಜೊತೆ ನಾನು ಕೂತಿದ್ದೇನೆ. ತಿಳಿಯದ್ದಕ್ಕೆ ಫೇಲಾದವರು ಕಡಿಮೆ. ಕೇಳದೆ ಫೇಲಾದವರೇ ಹೆಚ್ಚು. ನಾಳೆ ಹೋಗಿ ಆ ಪ್ರೊಫೆಸರರ ಮುಂದೆ ನಿಂತು ‘ತಿಳಿಯಲಿಲ್ಲ’ ಎನ್ನು. ಅವರ ಮುಖ ಹೇಗಾಯಿತು ಎಂದು ನನಗೆ ಬರೆ.

ನಿನ್ನ
ಭಾಮತ್ತೆ


ಅವೇರೊ
24 ಜುಲೈ 2011

ಭಾಮತ್ತೆ,

ಪ್ರೊಫೆಸರರ ಮುಖ ಏನೂ ಆಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, ‘ಎಲ್ಲಿಂದ ತಿಳಿಯಲಿಲ್ಲ?’ ಎಂದು ಕೇಳಿದರು. ‘ಮೊದಲ ದಿನದಿಂದ’ ಎಂದೆ. ‘ಸರಿ, ಕೂರು’ ಎಂದರು.

ಎರಡೂ ಪಾಸಾದೆ. ಸ್ಟ್ಯಾಟಿಸ್ಟಿಕ್ಸಿನಲ್ಲಿ ಇಪ್ಪತ್ತಕ್ಕೆ ಹತ್ತು. ಇಲ್ಲಿ ಹತ್ತು ಬಂದರೆ ಪಾಸು. ಸೆಪ್ಟೆಂಬರಿನಲ್ಲಿ ಹಾಲೆಂಡಿಗೆ ಹೊರಡುತ್ತೇನೆ.

ಈಗ ಉಪ್ಪಿನ ಕಾಲ. ಚಳಿಗಾಲದಲ್ಲಿ ಸುಮ್ಮನೆ ಮಲಗಿದ್ದ ನೀರು ಬಿಸಿಲಿಗೆ ತೆಳ್ಳಗಾಗುತ್ತ ಬಂದು ಬೆಳಗಾಗುವಷ್ಟರಲ್ಲಿ ಕೆನೆ ಕಟ್ಟಿರುತ್ತದೆ. ಮಿಗೆಲ್ ಅದನ್ನು ಉದ್ದನೆಯ ಹಲಗೆಯಿಂದ ಎಳೆದು ದಡಕ್ಕೆ ತರುತ್ತಾನೆ. ಈ ಮುದುಕನನ್ನು ‘ಅವರು’ ಎನ್ನಲು ನನಗೆ ಈಗ ಬಾಯೇ ಬರುವುದಿಲ್ಲ. ನಾನು ಓದದೆ ಬಂದ ದಿನ ಕೈಯಿಂದ ಹಲಗೆ ಕಿತ್ತುಕೊಂಡು ಊರಿನ ಕಡೆ ಬೆರಳು ತೋರಿಸುತ್ತಾನೆ. ಸಂಜೆ ಬಿಳಿ ರಾಶಿಗಳ ನಡುವೆ ನಡೆದರೆ ಕಾಲ ಕೆಳಗೆ ಮೆಲ್ಲಗೆ ಮುರಿಯುವ ಸದ್ದು. ಊರು ದೂರದಲ್ಲಿ ತೇಲುತ್ತಿರುತ್ತದೆ.

ಅಪ್ಪನಿಗೂ ಒಂದು ಕಾಗದ ಬರೆದೆ, ಮೊದಲ ಸಲ. ಫೇಲಾದದ್ದನ್ನೂ ಪಾಸಾದದ್ದನ್ನೂ ಬರೆದೆ. ‘ಅತ್ತೆಯನ್ನು ನಾವಿಬ್ಬರೂ ಹದಿನೆಂಟು ವರ್ಷ ಇಟ್ಟುಕೊಂಡೆವು, ಒಮ್ಮೆಯೂ ಬೇಕೇ ಎಂದು ಕೇಳಲಿಲ್ಲ’ ಎಂದೂ ಬರೆದೆ. ಉತ್ತರ ಬಂದಿಲ್ಲ.

ಮದುವೆಯ ತಾರೀಖು ಗೊತ್ತಾದರೆ ತಿಳಿಸು.

ಚಿನ್ನು


ಕಲ್ಯಾಣ
27 ಆಗಸ್ಟ್ 2011

ಚಿನ್ನು,

ಮೇಲೆ ಊರಿನ ಹೆಸರು ಬರೆಯುವಾಗ ಕೈ ಒಮ್ಮೆ ತಡೆಯಿತು. ಮೊನ್ನೆ ಗುರುವಾರ ಠಾಣೆಯ ರಿಜಿಸ್ಟ್ರಾರ್ ಕಚೇರಿಯಲ್ಲಿ ನಮ್ಮ ಮದುವೆಯಾಯಿತು.

ಬೆಳಗ್ಗೆ ನಾನು ಹೊರಡುವಾಗ ನಿಮ್ಮಪ್ಪ ಪೇಪರು ಓದುತ್ತಿದ್ದ. ‘ಹೋಗ್ಬರ್ತೀನಿ’ ಎಂದೆ, ತಲೆಯೆತ್ತಲಿಲ್ಲ. ಠಾಣೆಯಲ್ಲಿ ಧೋ ಎಂದು ಮಳೆ. ಮೂರು ಜನ ಸಾಕ್ಷಿ ಬೇಕು. ರುಕ್ಮಿಣಿ ಹುಬ್ಬಳ್ಳಿಯಿಂದ ಬಂದಿದ್ದಳು, ನಮ್ಮ ತರಗತಿಯ ಮೇಡಂ ಬಂದಿದ್ದರು. ಮೂರನೆಯವರು ಗುಂಡಣ್ಣನವರ ಪಕ್ಕದ ಮನೆಯ ವಾಸು. ಅವರಿಗೆ ಜ್ವರವಂತೆ, ಬರಲಿಲ್ಲ. ನಮ್ಮ ಸರದಿ ಬಂತು. ಇನ್ನೊಬ್ಬರು ಎಲ್ಲಿ ಎಂದು ಗುಮಾಸ್ತರು ಕೇಳಿದರು. ಗುಂಡಣ್ಣನವರು ಬೆವರುತ್ತಿದ್ದರು. ‘ಇನ್ನೊಂದಿನ ಬರೂಣೇನ್ರಿ?’ ಎಂದು ನನ್ನ ಮುಖ ನೋಡಿದರು. ನಾನು ಬೇಡ ಎಂದು ತಲೆಯಾಡಿಸಿ, ಯಾರನ್ನಾದರೂ ಕೇಳಿಕೊಳ್ಳೋಣ ಎಂದು ಹೊರಗೆ ಬಂದೆ.

ಬಾಗಿಲ ಪಕ್ಕದ ಗೋಡೆಗೊರಗಿ ಹಯಗ್ರೀವ ನಿಂತಿದ್ದ. ಬ್ಯಾಂಕಿಗೆ ಹೋಗುವ ಬಟ್ಟೆ, ಮೊಣಕಾಲವರೆಗೆ ಒದ್ದೆ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ‘ಒಂದು ಸಹಿ ಬೇಕು’ ಎಂದೆ. ಒಳಗೆ ಬಂದ. ಜೇಬಿನಿಂದ ತನ್ನದೇ ಪೆನ್ನು ತೆಗೆದು ಸಹಿ ಹಾಕಿದ. ಗುಂಡಣ್ಣನವರು ಅವನ ಎರಡೂ ಕೈ ಹಿಡಿದುಕೊಂಡು ಜೋರಾಗಿ ಏನೋ ಹೇಳಿದರು. ನಮ್ಮಂಥವರಿಗೆ ದನಿ ಎಷ್ಟು ಏರಿದೆ ಎಂದು ತಿಳಿಯುವುದಿಲ್ಲ, ಕಚೇರಿಯವರೆಲ್ಲ ತಿರುಗಿ ನೋಡಿದರು. ನಿಮ್ಮಪ್ಪ ಕೈ ಬಿಡಿಸಿಕೊಳ್ಳಲಿಲ್ಲ.

ಎಲ್ಲ ಮುಗಿದ ಮೇಲೆ ಮೆಟ್ಟಿಲ ಹತ್ತಿರ ಐರೋಲಿ ಮನೆಯ ಬೀಗದಕೈ ತೆಗೆದು ಅವನ ಅಂಗೈಯಲ್ಲಿಟ್ಟೆ. ಅವನು ನೆಲ ನೋಡಿಕೊಂಡು ಏನೋ ಅಂದ.

‘ನನ್ನ ಮುಖ ನೋಡಿ ಹೇಳು ಹಯಗ್ರೀವ,’ ಎಂದೆ.

ತಲೆಯೆತ್ತಿದ. ಕಣ್ಣು ಕೆಂಪಗಿತ್ತು. ಬೀಗದಕೈಯನ್ನು ನನ್ನ ಕೈಗೇ ಒತ್ತಿ ಬೆರಳು ಮಡಿಚಿ ಒಂದೊಂದೇ ಮಾತನ್ನು ಬಿಡಿಸಿ ಬಿಡಿಸಿ ಹೇಳಿದ. ಒಂದಕ್ಷರವೂ ಜಾರಿಹೋಗಲಿಲ್ಲ, ಎಲ್ಲವನ್ನೂ ಓದಿಕೊಂಡೆ:

‘ಇದು ನಿನ್ನ ಹತ್ರಾನೇ ಇರ್ಲಿ ಭಾಮಕ್ಕ. ಬರೋವಾಗ ಬೆಲ್ ಮಾಡ್ಬೇಡ.’

ನಿನ್ನ
ಭಾಮತ್ತೆ